ಮುನ್ನೂರ ಹನ್ನೆರಡು

ಕುಸೈಸಿನ ಲ್ಯಾಬಿನಲ್ಲಿ ನನಗೆ ಹೆಸರುಗಳು ಕಾಣುವುದಿಲ್ಲ.
ಬರೀ ಬಾರ್‌ಕೋಡು, ವಯಸ್ಸು, ಗಂಡೋ ಹೆಣ್ಣೋ.
ಹಳದಿ ಮುಚ್ಚಳದ ಕೊಳವೆಯಲ್ಲಿ
ಒಂದು ಚಮಚೆಯಷ್ಟು ಮನುಷ್ಯ.

ಪರದೆಯ ಮೇಲೆ ಅಂಕಿ ಇಳಿಯುತ್ತವೆ.
ನಲವತ್ತೆರಡು ವರ್ಷ, ಗಂಡು,
ಗಾಮಾ ಜಿ.ಟಿ. ಮುನ್ನೂರ ಹನ್ನೆರಡು,
ಅರುವತ್ತು ದಾಟಬಾರದ ಕಡೆ.
ಕುಡಿತ, ಅಂದೆ ಪಕ್ಕದ ಜೋಸ್ಮಿಗೆ, ಆಕಳಿಸುತ್ತ.
ಪಾವಂ, ಅವನ ಹೆಂಡತಿ, ಅಂದಳು ಅವಳು.

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಿದ್ದಳು ನನ್ನಜ್ಜಿ.
ಅವಳು ಅಂಗೈ ಮುಚ್ಚಿ ಹಿಡಿದವರನ್ನು ನೋಡಿರಲಿಲ್ಲ.

ಶಾರ್ಜಾದಲ್ಲಿ ಸಿಗುವುದಿಲ್ಲ.
ಅದಕ್ಕೆಂದೇ ಇಲ್ಲಿ ಮನೆ ಹಿಡಿದೆವು,
ಬಾಡಿಗೆ ಕಡಿಮೆ ಅಂತ ಊರಿಗೆ ಹೇಳಿ.
ಅಜ್ಮಾನ್ ಎಷ್ಟು ದೂರ?
ಶುಕ್ರವಾರದ ಟ್ರಾಫಿಕ್ಕಿನಲ್ಲೂ ಮುಕ್ಕಾಲು ಗಂಟೆ.
ಸ್ಟೆಪ್ನಿಯ ಗುಂಡಿಯಲ್ಲಿ ಕಪ್ಪು ಪ್ಲಾಸ್ಟಿಕ್ ಚೀಲ,
ಅದರ ಮೇಲೆ ಮಗಳ ಸ್ಕೇಟಿಂಗ್ ಬೂಟು.
ಪೊಲೀಸ್ ಗಾಡಿ ಪಕ್ಕಕ್ಕೆ ಬಂದರೆ
ಹಿಂದಿನ ಸೀಟಿನಲ್ಲಿ ಮೇದಿನಿ ಉಸಿರು ಹಿಡಿಯುತ್ತಿದ್ದಳು.
ಒಂಬತ್ತು ವರ್ಷ.
ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮೊದಲು ಅದು ವಾರದ ಕೊನೆಗೆ ಅಂತಿತ್ತು.
ಆಮೇಲೆ ವಾರಕ್ಕೆ ಕೊನೆಗಳು ಹೆಚ್ಚಾದವು.
ಬಾಟಲಿಗೆ ಉಗುರುಬಣ್ಣದ ಗೆರೆ ಎಳೆದೆ.
ನೀರು ಬೆರೆಸಿ ಗೆರೆಗೆ ತಂದ.
ಬಣ್ಣ ನೋಡಿ ಹಿಡಿದೆ, ದಿನವಿಡೀ ಸೀರಮ್ ನೋಡುವ ಕಣ್ಣು ತಾನೇ.
ಅವನು ಜಾಗ ಬದಲಿಸಿದ: ಅಕ್ಕಿಚೀಲ, ವಾಷಿಂಗ್ ಮಷೀನಿನ ಹಿಂದೆ,
ದೇವರ ಕಪಾಟಿನ ಮೇಲಿನ ಸೂಟ್‌ಕೇಸು.
ಹನ್ನೊಂದು ತಿಂಗಳು
ನಾವು ಗಂಡಹೆಂಡತಿ ಮಾತಾಡಿದ್ದು ಹೀಗೇ.

ಅವನು ಹೊಡೆಯಲಿಲ್ಲ. ಇದನ್ನು ಬರೆಯಬೇಕು,
ಯಾಕೆಂದರೆ ದಿನಾ ನನಗೆ ನಾನೇ ಹೇಳಿಕೊಂಡದ್ದು ಇದನ್ನೇ.
ಹೊಡೆಯುವುದಿಲ್ಲ. ಸಂಬಳ ತರುತ್ತಾನೆ.
ತಂಗಿಯ ಸೈಟಿನ ಕಂತು ತಪ್ಪಿಲ್ಲ.
ಪಾತ್ರೆ ತೊಳೆದಿಡುತ್ತಾನೆ, ಹಾಡುತ್ತಾನೆ ಕೂಡ,
ಎರಡನೇ ಗ್ಲಾಸಿನವರೆಗೆ.
ನಾಲ್ಕನೆಯದರ ನಂತರ ಜಯಕರ ಅನ್ನುವುದು ಬರೀ ಹೆಸರು.
ನನ್ನ ತಮ್ಮನ ಮದುವೆಯಲ್ಲಿ
ಅವನನ್ನು ಊಟಕ್ಕೆ ಯಾರೂ ಕರೆಯಲಿಲ್ಲ ಅನ್ನುವುದು
ಏಳು ವರ್ಷದಾಚೆಯಿಂದ ಎದ್ದು ಬರುತ್ತದೆ,
ಬಾಗಿಲಿಗೆ ಅಡ್ಡ ನಿಲ್ಲುತ್ತದೆ, ರಾತ್ರಿ ಎರಡರವರೆಗೆ.
ಬೆಳಿಗ್ಗೆ ಅವನಿಗೆ ನೆನಪಿಲ್ಲ.
ನೆನಪಿನ ಕೆಲಸವೆಲ್ಲ ನಮ್ಮಿಬ್ಬರದು.

ಟ್ಯೂಷನ್ನಿಂದ ಕರೆತರುವಾಗ ಲಿಫ್ಟಿನಲ್ಲಿ ಕೇಳುತ್ತಾಳೆ,
ಅಮ್ಮ, ಇವತ್ತು ಯಾವ ಅಪ್ಪ?
ಟೀವಿಯಲ್ಲಿ ಹವಾಮಾನ ಹೇಳುವವಳ ಹಾಗೆ
ನಗುತ್ತಲೇ ಏನೋ ಹೇಳುತ್ತೇನೆ.

ಮತ್ತೆ ಆ ಬೆಳಗಿನ ಫೋನು, ಅವನ ಸೈಟ್ ಇಂಜಿನಿಯರದು.
ಇಲ್ಲ ಸರ್, ಅವರಿಗೆ ಜ್ವರ.
ಈ ವರ್ಷ ಹದಿನಾಲ್ಕು ಜ್ವರ ಬರಿಸಿದ್ದೇನೆ,
ಎರಡು ವಾಂತಿಭೇದಿ, ಒಂದು ಮಾವನ ಸಾವು.
ಮಾವ ಇದ್ದಾರೆ, ಕೋಟೇಶ್ವರದಲ್ಲಿ,
ದಿನಾ ಪೇಪರು ಓದುತ್ತಾರೆ.

ಮುನ್ನೂರ ಹನ್ನೆರಡು ಜಯಕರನದಲ್ಲ.
ಅವನಿಗಿನ್ನೂ ಮೂವತ್ತೊಂಬತ್ತು.
ಆದರೆ ರಿಪೋರ್ಟು ಕಳಿಸುವ ಹೊತ್ತಿಗೆ
ಆ ಕೊಳವೆಯ ಹಿಂದೆ ಒಬ್ಬಳು ಕಂಡಳು,
ಉಗುರುಬಣ್ಣದ ಕುಪ್ಪಿ ಕೈಯಲ್ಲಿ, ಕಿವಿ ಬೀಗದ ಸದ್ದಿನ ಕಡೆ.
ಗುರುತಿಲ್ಲದವನಿಗೆ ಆಕಳಿಸುತ್ತ ಹೇಳಿದ ಪದವನ್ನು
ನನ್ನ ಮನೆಯೊಳಗೆ
ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ ನಾನು.

ರಾತ್ರಿ ಹೇಳಿದೆ. ಒಂದೇ ಪದ.
ಅವನು ನಕ್ಕ, ಆಮೇಲೆ ಗ್ಲಾಸನ್ನು ನೋಡಿದ, ಆಮೇಲೆ ಕುಡಿದ.

ಬೆಳಿಗ್ಗೆ ಆರೂಮುಕ್ಕಾಲು.
ಫೋನು ಮೇಜಿನ ಮೇಲೆ ನಡುಗುತ್ತ ಅಂಚಿಗೆ ಸರಿಯುತ್ತಿತ್ತು.
ಅವನು ಕಣ್ಣು ಬಿಟ್ಟು ನನ್ನ ಕಡೆ ನೋಡಿದ,
ಜ್ವರಕ್ಕೆ ಕಾಯುತ್ತ.
ಎತ್ತಿ ಅವನ ಕೈಗೇ ಕೊಟ್ಟೆ.

ಮೇದಿನಿ ಒಂದು ಶೂ ಕಟ್ಟಿ ಮುಗಿಸಿ
ಇನ್ನೊಂದರ ಲೇಸನ್ನು
ಹಾಗೇ ಹಿಡಿದು ಕೂತಿದ್ದಳು.